ಪ್ರಿಂಟರಿನ ಹಿಂಬಾಗಿಲು: ಗಣಕದ ಹಿನ್ನೆಲೆ ಸೇವೆಗಳ ಲೋಪವೂ ನಮ್ಮ ಅಂಗಡಿಗಳೂ

ವರ್ತಕರ ಅಂಗಡಿಗಳಲ್ಲಿ ಗಣಕಯಂತ್ರ ಬಂದು ಕುಳಿತ ಮೇಲೆ ರೋಜು ಕಿರ್ದಿ, ಖಾತೆ ವಹಿ, ದಾಸ್ತಾನು ಪುಸ್ತಕಗಳೆಲ್ಲವೂ ಅದರೊಳಗೆ ಸೇರಿಕೊಂಡವು. ಆದರೆ ಕಾಗದವು ಮಾತ್ರ ಅಂಗಡಿಯನ್ನು ಬಿಟ್ಟು ಹೋಗಲಿಲ್ಲ. ರೈತನ ಕೈಗೆ ಪಟ್ಟಿ ಕೊಡಬೇಕು, ಲಾರಿ ಚಾಲಕನ ಕೈಗೆ ಬಿಲ್ಲು ಕೊಡಬೇಕು, ಗಿರಣಿಯ ತೂಕದ ಚೀಟಿಯನ್ನು ಕಡತಕ್ಕೆ ಸೇರಿಸಬೇಕು. ಈ ಎಲ್ಲ ಕಾಗದಗಳೂ ಪ್ರಿಂಟರಿನ ಮೂಲಕವೇ ಹೊರಬರಬೇಕಾದುದರಿಂದ, ಸುಗ್ಗಿಯ ದಿನಗಳಲ್ಲಿ ಪ್ರಿಂಟರ್ ನಿಂತರೆ ವಹಿವಾಟೇ ನಿಂತಂತೆ. ಗಣಕದ ಸುರಕ್ಷತೆಯ ಪ್ರಶ್ನೆಯು ನಮ್ಮಂತಹ ಸಣ್ಣ ಊರಿನ ವರ್ತಕರನ್ನು ಈ ಪ್ರಿಂಟರಿನ ರೂಪದಲ್ಲಿಯೇ ಎದುರುಗೊಂಡಿತು.

2021ರ ಅಕ್ಟೋಬರ್ ಮೊದಲ ವಾರದ ಒಂದು ಸಂಜೆ. ದೇವಾಪುರದ ನಮ್ಮ ಅಂಗಡಿಯ ಮುಂದೆ ಹೊಸ ಹತ್ತಿ ತುಂಬಿದ ಲಾರಿ ನಿಂತಿತ್ತು. ಅಂಗಡಿಯಲ್ಲಿದ್ದ ಗಣಕಗಳು ಮೂರು. ಗುಮಾಸ್ತರ ಗಣಕಕ್ಕೆ ಜೋಡಿಸಿದ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ಉಳಿದೆರಡು ಗಣಕಗಳೂ ಹಂಚಿಕೊಂಡಿದ್ದವು. ಆ ಸಂಜೆ ಗುಮಾಸ್ತರ ಗಣಕದಿಂದ ಮಾತ್ರ ಮುದ್ರಣವಾಗುತ್ತಿತ್ತು. ಉಳಿದವುಗಳಲ್ಲಿ '0ಎಕ್ಸ್0000011ಬಿ' ಎಂಬ ದೋಷ ಸಂಖ್ಯೆಯೊಂದು ತೋರಿ, ಪ್ರಿಂಟರಿಗೆ ಸಂಪರ್ಕ ಸಾಧ್ಯವಿಲ್ಲವೆಂದು ತಿಳಿಸುತ್ತಿತ್ತು. ದುರಸ್ತಿಗಾರರಿಗೆ ದೂರವಾಣಿ ಮಾಡಿದೆವು. "ಅಪ್‌ಡೇಟ್ ತೆಗೆದು ಬಿಡ್ರಿ ಸಾಹುಕಾರ್ರೆ, ಮತ್ತ ಬರದಂಗ ಬಂದ್ ಮಾಡಿಬಿಡ್ತೀನಿ" ಎಂದವರು ದೂರದಿಂದಲೇ ನಮ್ಮ ಗಣಕದೊಳಗೆ ಪ್ರವೇಶಿಸಿ, ಹತ್ತು ನಿಮಿಷಗಳಲ್ಲಿ ಪ್ರಿಂಟರನ್ನು ಸರಿಪಡಿಸಿಕೊಟ್ಟರು. ಲಾರಿ ಹೊರಟಿತು, ನಾವು ವಿಷಯವನ್ನು ಮರೆತೆವು. ಮುಂದಿನ ಜನವರಿಯಲ್ಲಿ ಲೆಕ್ಕ ಪರಿಶೋಧಕರ ಸಹಾಯಕರೊಬ್ಬರು ಬಂದು ನೋಡಿದಾಗಲೇ, ಮೂರು ತಿಂಗಳಿಗೂ ಹೆಚ್ಚು ಕಾಲ ನಮ್ಮ ಲೆಕ್ಕಪತ್ರವೆಲ್ಲ ಇದ್ದ ಗಣಕಗಳು ಒಂದೂ ಭದ್ರತಾ ತೇಪೆಯನ್ನು ಪಡೆಯದೆ ಅಂತರಜಾಲಕ್ಕೆ ತೆರೆದುಕೊಂಡಿದ್ದವೆಂದು ತಿಳಿದುದು. ಹಾನಿಯೇನೂ ಆಗಿರಲಿಲ್ಲ. ಅದು ನಮ್ಮ ಜಾಣತನದಿಂದಲ್ಲ, ಅದೃಷ್ಟದಿಂದ.

ಅಂದು ತೆಗೆದುಹಾಕಿದ ತೇಪೆ ಯಾವುದು, ಅದನ್ನು ತಯಾರಕರು ಏಕೆ ಕಳುಹಿಸಿದ್ದರು ಎಂದು ಕೇಳುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ವರ್ತಕ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಣದ ಗುಮಾಸ್ತ

ವಿಂಡೋಸ್ ಗಣಕದಲ್ಲಿ ನಾವು ತೆರೆದು ಕೆಲಸ ಮಾಡುವ ಟ್ಯಾಲಿ, ಬ್ರೌಸರ್ ಮೊದಲಾದವು ಪರದೆಯ ಮೇಲೆ ಕಾಣುತ್ತವೆ. ಇವುಗಳ ಹಿಂದೆ, ಪರದೆಯ ಮೇಲೆ ಎಂದೂ ಕಾಣಿಸಿಕೊಳ್ಳದೆ, ಗಣಕ ಚಾಲೂ ಆದೊಡನೆ ತಾವೂ ಚಾಲೂ ಆಗುವ ಅನೇಕ ತಂತ್ರಾಂಶಗಳಿವೆ. ಇವನ್ನೇ ಹಿನ್ನೆಲೆ ಸೇವೆಗಳೆನ್ನುತ್ತಾರೆ. ಗಡಿಯಾರ ಸರಿಪಡಿಸುವುದಕ್ಕೆ ಒಂದು, ಕಡತ ಹಂಚುವುದಕ್ಕೆ ಒಂದು, ಪ್ರಿಂಟರ್ ನೋಡಿಕೊಳ್ಳುವುದಕ್ಕೆ ಒಂದು. ಕೊನೆಯದರ ಹೆಸರು ಪ್ರಿಂಟ್ ಸ್ಪೂಲರ್.

ಸ್ಪೂಲರಿನ ಕೆಲಸ ಸರಳವಾದುದು. ಗಣಕವು ಒಂದು ಕ್ಷಣದಲ್ಲಿ ನೂರು ಬಿಲ್ಲುಗಳನ್ನು ಸಿದ್ಧಪಡಿಸಬಲ್ಲದು. ಪ್ರಿಂಟರ್ ಅಷ್ಟು ವೇಗವಾಗಿ ಅಚ್ಚು ಹಾಕಲಾರದು. ಪ್ರಾಂಗಣಕ್ಕೆ ಒಮ್ಮೆಗೇ ಬಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಕಾಟಾದ ಮೇಲೆ ಬಿಡುವ ತೂಕದವರಂತೆ, ಸ್ಪೂಲರ್ ಮುದ್ರಣದ ಕೋರಿಕೆಗಳನ್ನು ಸಾಲಿನಲ್ಲಿ ಇರಿಸಿಕೊಂಡು ಪ್ರಿಂಟರಿಗೆ ಒಂದೊಂದಾಗಿ ಕಳುಹಿಸುತ್ತದೆ. ಪ್ರಿಂಟರನ್ನು ಹಂಚಿಕೊಂಡಿದ್ದರೆ ಪಕ್ಕದ ಗಣಕಗಳಿಂದ ಬಂದ ಕೋರಿಕೆಗಳನ್ನೂ ಸ್ವೀಕರಿಸುತ್ತದೆ. ಹೊಸ ಪ್ರಿಂಟರ್ ಸೇರಿಸುವಾಗ ಅದರೊಡನೆ ವ್ಯವಹರಿಸಲು ಬೇಕಾದ 'ಡ್ರೈವರ್' ತಂತ್ರಾಂಶವನ್ನು ಸ್ಥಾಪಿಸುವುದೂ ಇದರ ಹೊಣೆ.

ತೊಡಕು ಇರುವುದು ಈ ಕಡೆಯ ಹೊಣೆಯಲ್ಲಿ. ಡ್ರೈವರ್ ಸ್ಥಾಪಿಸಲು ಗಣಕದ ಮೇಲೆ ಪೂರ್ಣ ಅಧಿಕಾರ ಬೇಕು. ಆದುದರಿಂದ ಸ್ಪೂಲರಿಗೆ 'ಸಿಸ್ಟಮ್' ಎಂಬ ಅತ್ಯುನ್ನತ ಅಧಿಕಾರವನ್ನು ಕೊಡಲಾಗಿದೆ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸದಾ ಸೊಂಟದಲ್ಲಿ ಸಿಕ್ಕಿಸಿಕೊಂಡು, ಬಂದವರೆಲ್ಲರ ಮಾತಿಗೂ ಓಗೊಡುವ ಗುಮಾಸ್ತನಂತೆ ಇದರ ಸ್ಥಿತಿ. ಇಂತಹ ಗುಮಾಸ್ತ ದುಷ್ಟನಾಗಿರಬೇಕಾಗಿಲ್ಲ. ಹೇಳಿದ್ದನ್ನು ವಿಚಾರಿಸದೆ ಮಾಡಿದರೆ ಸಾಕು, ಅಂಗಡಿ ಹೋಯಿತು.

2021ರ ಪ್ರಸಂಗ

2021ರ ಜೂನ್ 8ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಮಾಸಿಕ ತೇಪೆಗಳೊಡನೆ ಸ್ಪೂಲರಿನ ಒಂದು ಲೋಪಕ್ಕೂ ತೇಪೆ ಹೊರಡಿಸಿತು. ಮೊದಲಿಗೆ ಅದನ್ನು ಅಷ್ಟೇನೂ ಗಂಭೀರವಲ್ಲದ, ಗಣಕದ ಮುಂದೆ ಕುಳಿತವನಿಗೆ ಮಾತ್ರ ಉಪಯೋಗಕ್ಕೆ ಬರುವ ಲೋಪವೆಂದು ವರ್ಗೀಕರಿಸಲಾಗಿತ್ತು. ಎರಡು ವಾರಗಳೊಳಗೆ ದೂರದಿಂದಲೂ ಇದನ್ನು ಬಳಸಿಕೊಳ್ಳಬಹುದೆಂದು ವರ್ಗೀಕರಣವನ್ನು ತಿದ್ದಲಾಯಿತು. ಇದೇ ಸಮಯದಲ್ಲಿ ಚೀನಾದ ಸಾಂಗ್‌ಫೋರ್ ಸಂಸ್ಥೆಯ ಸಂಶೋಧಕರು, ತಾವು ಕಂಡುಕೊಂಡಿದ್ದ ಸ್ಪೂಲರಿನ ಲೋಪವೂ ಇದೇ, ತೇಪೆ ಈಗಾಗಲೇ ಬಂದಿದೆಯೆಂದು ಭಾವಿಸಿ, ಅದನ್ನು ಬಳಸುವ ಮಾದರಿ ತಂತ್ರಾಂಶವನ್ನು ಜೂನ್ ಕೊನೆಯಲ್ಲಿ ಪ್ರಕಟಿಸಿಬಿಟ್ಟರು. ಕೆಲವೇ ಗಂಟೆಗಳಲ್ಲಿ ಅವರು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಅದರ ಪ್ರತಿಗಳು ಹರಡಿದ್ದವು. ಅವರ ಲೋಪ ಬೇರೆಯದೇ ಆಗಿತ್ತು. ಜೂನ್ ತೇಪೆ ಅದನ್ನು ತಡೆಯುತ್ತಿರಲಿಲ್ಲ. ಬೀಗ ಬದಲಾಯಿಸುವ ಮೊದಲೇ ಕಳ್ಳಕೀಲಿಯ ಅಚ್ಚು ಸಂತೆಗೆ ಬಂದಂತಾಯಿತು.

ಜುಲೈ 1ರಂದು ಮೈಕ್ರೋಸಾಫ್ಟ್ ಈ ಲೋಪಕ್ಕೆ ಸಿವಿಇ-2021-34527 ಎಂಬ ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಜನರ ಬಾಯಲ್ಲಿ ಇದಕ್ಕೆ 'ಪ್ರಿಂಟ್‌ನೈಟ್‌ಮೇರ್' ಎಂಬ ಹೆಸರು ನಿಂತಿತು. ಲೋಪದ ಒಳಗುಟ್ಟು ಇಷ್ಟೇ: ಜಾಲದಲ್ಲಿ ಸಾಮಾನ್ಯ ಬಳಕೆದಾರನ ಹೆಸರು ಮತ್ತು ಗುಪ್ತಪದ ಉಳ್ಳ ಯಾವನಾದರೂ ಮತ್ತೊಂದು ಗಣಕದ ಸ್ಪೂಲರಿಗೆ 'ಈ ಡ್ರೈವರನ್ನು ಸ್ಥಾಪಿಸು' ಎಂದು ಹೇಳಬಹುದಾಗಿತ್ತು. ಹಾಗೆ ಹೇಳಲು ಅವನಿಗೆ ಅಧಿಕಾರವಿದೆಯೇ ಎಂಬ ತಪಾಸಣೆಯನ್ನು ತಪ್ಪಿಸಲು ದಾರಿಯಿತ್ತು. ಡ್ರೈವರೆಂದು ಕೊಟ್ಟದ್ದು ದುಷ್ಟ ತಂತ್ರಾಂಶವಾಗಿದ್ದರೂ ಸ್ಪೂಲರ್ ಅದನ್ನು ತನ್ನ ಪೂರ್ಣಾಧಿಕಾರದಿಂದಲೇ ನಡೆಸುತ್ತಿತ್ತು. ಅಂದರೆ ಅಂಗಡಿಯ ಅತಿ ಕಿರಿಯ ಸಹಾಯಕನ ಗುಪ್ತಪದ ಸೋರಿದರೂ ಇಡೀ ಕಚೇರಿಯ ಗಣಕಗಳು ಪರರ ವಶವಾಗಬಹುದಿತ್ತು.

ಮಾಸಿಕ ವಾಯಿದೆಗೆ ಕಾಯದೆ ಜುಲೈ 6ರಂದೇ ತುರ್ತು ತೇಪೆ ಬಂದಿತು. 2020ರ ಜನವರಿಯಲ್ಲಿ ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಅದನ್ನು ಕೊಟ್ಟರೆಂಬುದರಿಂದಲೇ ವಿಷಯದ ತೀವ್ರತೆಯನ್ನು ಊಹಿಸಬಹುದು. ಅಮೆರಿಕ ಸರಕಾರದ ಸೈಬರ್ ಭದ್ರತಾ ಸಂಸ್ಥೆಯು ಜುಲೈ 13ರಂದು ತುರ್ತು ಆದೇಶ ಹೊರಡಿಸಿ, ಕೇಂದ್ರ ಕಚೇರಿಗಳ ಮುಖ್ಯ ಸರ್ವರುಗಳಲ್ಲಿ ಸ್ಪೂಲರನ್ನೇ ನಿಲ್ಲಿಸಲು ಹೇಳಿತು. ತುರ್ತು ತೇಪೆಯೂ ಸಾಲದೆಂದು ಸಂಶೋಧಕರು ತೋರಿಸಿದ ಮೇಲೆ ಆಗಸ್ಟ್ 10ರ ತೇಪೆಯಿಂದ, ಆಡಳಿತಾಧಿಕಾರವಿಲ್ಲದವರು ಡ್ರೈವರ್ ಸ್ಥಾಪಿಸುವುದನ್ನು ಸಹಜ ವ್ಯವಸ್ಥೆಯಲ್ಲಿ ನಿರ್ಬಂಧಿಸಲಾಯಿತು. ಅಷ್ಟರಲ್ಲಿ ಗಣಕದ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಮ್ಯಾಗ್ನಿಬರ್, ವೈಸ್ ಸೊಸೈಟಿ ಎಂಬ ತಂಡಗಳು ಈ ಲೋಪವನ್ನು ಬಳಸತೊಡಗಿದ್ದವು.

ಸೆಪ್ಟೆಂಬರ್ 14ರ ತೇಪೆಯೇ ನಮ್ಮ ಅಂಗಡಿಯ ಪ್ರಿಂಟರನ್ನು ನಿಲ್ಲಿಸಿದುದು. ಇದು ಸ್ಪೂಲರಿನ ಇನ್ನೊಂದು ಲೋಪಕ್ಕೆ ಸಂಬಂಧಿಸಿದ್ದು. ಇದರ ಮೊದಲ ತೇಪೆ ಅದೇ ವರ್ಷದ ಜನವರಿಯಲ್ಲಿ ಬಂದಿತ್ತು, ಕಡ್ಡಾಯವಾದುದು ಸೆಪ್ಟೆಂಬರಿನಲ್ಲಿ. ಪ್ರಿಂಟರ್ ಹಂಚಿಕೊಂಡ ಎರಡು ಗಣಕಗಳ ನಡುವಿನ ಮಾತುಕತೆಯು ಇನ್ನು ಮುಂದೆ ಗೂಢಲಿಪಿಯಲ್ಲಿಯೇ ನಡೆಯಬೇಕೆಂಬುದು ಅದರ ತಾತ್ಪರ್ಯ. ಒಂದು ತುದಿಯ ಗಣಕ ಹೊಸ ತೇಪೆ ಪಡೆದು ಮತ್ತೊಂದು ಹಳೆಯದಾಗಿಯೇ ಉಳಿದಿದ್ದರೆ ಮಾತು ಮುರಿಯುತ್ತಿತ್ತು. ಎರಡೂ ಕಡೆ ತೇಪೆ ಇದ್ದರೂ ತೊಂದರೆ ತಪ್ಪದ ಕಚೇರಿಗಳಿದ್ದವೆಂಬುದನ್ನೂ ಹೇಳಬೇಕು. ದುರಸ್ತಿಗಾರರ ಮೇಲೆ ಪೂರ್ಣ ತಪ್ಪು ಹೊರಿಸುವುದು ನ್ಯಾಯವಲ್ಲ. ಲಾರಿ ನಿಂತಿರುವಾಗ ಯಾರೇ ಆದರೂ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ. ತಪ್ಪಾದುದು ಮರುದಿನ, ತಾತ್ಕಾಲಿಕವೆಂದು ಮಾಡಿದ್ದನ್ನು ಯಾರೂ ಮರಳಿ ಸರಿಪಡಿಸಲಿಲ್ಲ. ಇನ್ನೊಂದು ಮಾತು: ಅಂದು ಇ-ವೇ ಬಿಲ್ಲಿನ ಮುದ್ರಿತ ಪ್ರತಿಗಾಗಿ ನಾವು ಪಟ್ಟ ಗಾಬರಿಯೂ ಅನವಶ್ಯಕವಾಗಿತ್ತು. ಚಾಲಕನ ಬಳಿ ಅದರ ಸಂಖ್ಯೆ ಇದ್ದರೂ ನಿಯಮಕ್ಕೆ ಸಾಕು. ಜೊತೆಗಿರಬೇಕಾದ ಸರಕಿನ ಬಿಲ್ಲನ್ನು ಗುಮಾಸ್ತರ ಗಣಕದಿಂದಲೇ ತೆಗೆಯಬಹುದಿತ್ತು.

ಇದು ಮೊದಲಲ್ಲ

ಹಿನ್ನೆಲೆ ಸೇವೆಗಳ ಲೋಪ ಹೊಸತೇನೂ ಅಲ್ಲ. 2003ರ ಆಗಸ್ಟಿನಲ್ಲಿ ಗಣಕ ಬಳಸುತ್ತಿದ್ದವರಿಗೆ, ಅರವತ್ತು ಸೆಕೆಂಡುಗಳಲ್ಲಿ ಗಣಕ ಮುಚ್ಚಿಕೊಳ್ಳುವುದೆಂದು ಎಣಿಸುತ್ತ ತಾನಾಗಿಯೇ ಆರಿಹೋಗುತ್ತಿದ್ದ ಎಕ್ಸ್‌ಪಿ ಯಂತ್ರಗಳು ನೆನಪಿರಬಹುದು. ಅದು ಬ್ಲಾಸ್ಟರ್ ಹುಳುವಿನ ಕಾಟ. ಆರ್‌ಪಿಸಿ ಎಂಬ ಹಿನ್ನೆಲೆ ಸೇವೆಯ ಲೋಪದ ಮೂಲಕ ಅದು ನುಗ್ಗುತ್ತಿತ್ತು. ತೇಪೆ ಜುಲೈ 16ರಂದೇ ಬಂದಿತ್ತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹರಡಲು ಬಳಸಿದ ದಾರಿಗಳಲ್ಲಿ ಒಂದು ಇದೇ ಪ್ರಿಂಟ್ ಸ್ಪೂಲರ್. ಇರಾನಿನ ಅಣು ಸ್ಥಾವರವನ್ನು ಗುರಿಯಾಗಿಸಿದ್ದ ಆ ಹುಳುವಿನ ಸೋಂಕು ತಗುಲಿದ ಗಣಕಗಳ ಎಣಿಕೆಯಲ್ಲಿ ಇರಾನ್, ಇಂಡೊನೇಷ್ಯಾಗಳ ನಂತರದ ಸ್ಥಾನ ಭಾರತದ್ದಾಗಿತ್ತು. ನಮಗೆ ಸಂಬಂಧವೇ ಇಲ್ಲದ ಜಗಳದ ಕಲ್ಲು ನಮ್ಮ ಅಂಗಳದಲ್ಲಿ ಬಿದ್ದುದಕ್ಕೆ ಇದೊಂದು ಉದಾಹರಣೆ.

2017ರ ಮೇ 12ರ ವಾನ್ನಾಕ್ರೈ ದಾಳಿ ಎಲ್ಲರಿಗೂ ತಿಳಿದದ್ದೇ. ಕಡತ ಹಂಚುವ ಎಸ್‌ಎಂಬಿ ಸೇವೆಯ ಲೋಪವನ್ನು ಹಿಡಿದು ಅದು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಗಣಕಗಳನ್ನು ಹೊಕ್ಕಿತು. ನೆರೆಯ ಆಂಧ್ರ ಪ್ರದೇಶದ ಪೊಲೀಸ್ ಇಲಾಖೆಯ ಗಣಕಗಳು, ಕೇರಳದ ಕೆಲವು ಗ್ರಾಮ ಪಂಚಾಯತಿ ಕಚೇರಿಗಳು ಅದರ ಬಾಯಿಗೆ ಸಿಕ್ಕವು. ಆ ಲೋಪದ ತೇಪೆಯೂ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದೇ ಬಂದಿತ್ತು. ಗ್ರಾಮ ಪಂಚಾಯತಿಯನ್ನು ಹೊಕ್ಕ ಹುಳು ದೇವಾಪುರದ ದಲಾಲಿ ಅಂಗಡಿಯನ್ನು, ಶಹಾಪುರದ ದಾಲ್ ಮಿಲ್ಲನ್ನು, ಯಾದಗಿರಿಯ ಜಿನ್ನಿಂಗ್ ಗಿರಣಿಯನ್ನು ಸಣ್ಣದೆಂದು ಬಿಟ್ಟು ಹೋಗುವುದಿಲ್ಲ. ಹುಳುವಿಗೆ ಸಣ್ಣವರು ದೊಡ್ಡವರೆಂಬ ಭೇದ ತಿಳಿಯದು; ತೆರೆದ ಬಾಗಿಲು ಮಾತ್ರ ತಿಳಿಯುತ್ತದೆ.

ಲಿನಕ್ಸ್ ಬಳಸುವವರು ನಿಶ್ಚಿಂತರಾಗಿರಬಹುದೆಂದು ಕೆಲವರು ಹೇಳುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯೂ ಪ್ರಿಂಟರುಗಳನ್ನು ಹುಡುಕುವ ಕಪ್ಸ್-ಬ್ರೌಸ್ಡ್ ಎಂಬ ಹಿನ್ನೆಲೆ ಸೇವೆಯಲ್ಲಿ ಇದೇ ಜಾತಿಯ ಲೋಪ ಪತ್ತೆಯಾಯಿತು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಯಾವ ಗಣಕಕ್ಕೆ ಮುದ್ರಣದ ಅಗತ್ಯವೇ ಇಲ್ಲವೋ ಅಲ್ಲಿ ಸ್ಪೂಲರನ್ನು ನಿಲ್ಲಿಸಬೇಕು. ಟ್ಯಾಲಿಯ ದತ್ತಾಂಶ ಇರಿಸಿದ, ಯಾರೂ ಮುಂದೆ ಕುಳಿತು ಬಿಲ್ಲು ತೆಗೆಯದ ಗಣಕವಿದ್ದರೆ ಅದೇ ಮೊದಲನೆಯದು. ಸ್ಟಾರ್ಟ್ ಗುಂಡಿಯ ಬಳಿ 'ಸರ್ವಿಸಸ್' ಎಂದು ಹುಡುಕಿದರೆ ಸೇವೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಪ್ರಿಂಟ್ ಸ್ಪೂಲರ್' ಮೇಲೆ ಎರಡು ಬಾರಿ ಒತ್ತಿ, 'ಸ್ಟಾಪ್' ಮಾಡಿ, 'ಸ್ಟಾರ್ಟಪ್ ಟೈಪ್' ಎಂಬಲ್ಲಿ 'ಡಿಸೇಬಲ್ಡ್' ಎಂದು ಆರಿಸಬೇಕು. ಬರಿದೆ ನಿಲ್ಲಿಸಿ ಬಿಟ್ಟರೆ ಮರುದಿನ ಗಣಕ ಚಾಲೂ ಮಾಡಿದಾಗ ಅದೂ ಎದ್ದು ಕೂರುತ್ತದೆ. ಸ್ಪೂಲರ್ ಇಲ್ಲದೆ ವಿಂಡೋಸಿನ ಪಿಡಿಎಫ್ ಪ್ರಿಂಟರ್ ಸಹ ಕೆಲಸ ಮಾಡದೆಂಬುದು ನೆನಪಿರಲಿ. ಅಂತಹ ಅವಶ್ಯಕತೆ ಇರುವ ಗಣಕದಲ್ಲಿ ಈ ಉಪಾಯ ಸಲ್ಲದು.

ಮುದ್ರಣ ಬೇಕಾದ ಗಣಕದಲ್ಲಿ ಸ್ಪೂಲರ್ ಇರಲಿ, ಆದರೆ ಹೊರಗಿನವರ ಮಾತಿಗೆ ಓಗೊಡದಿರಲಿ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿಯ ಪ್ರಿಂಟರ್ಸ್ ವಿಭಾಗದೊಳಗೆ, ಸ್ಪೂಲರ್ ಬೇರೆ ಗಣಕಗಳ ಸಂಪರ್ಕವನ್ನು ಸ್ವೀಕರಿಸಬೇಕೇ ಎಂಬ ನಿಯಮವೊಂದಿದೆ. ಅದನ್ನು 'ಡಿಸೇಬಲ್ಡ್' ಮಾಡಿ ಸ್ಪೂಲರನ್ನು ಒಮ್ಮೆ ನಿಲ್ಲಿಸಿ ಚಾಲೂ ಮಾಡಿದರೆ ತನ್ನದೇ ಪ್ರಿಂಟರಿಗೆ ಮುದ್ರಿಸುತ್ತದೆ, ಪರರ ಕೋರಿಕೆಯನ್ನು ತಿರಸ್ಕರಿಸುತ್ತದೆ. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಜಾಲದ ಸಿದ್ಧತೆಯೊಳಗಿನ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಅನ್ನು ಆರಿಸಿಡಬೇಕು.

ಹಾಗಾದರೆ ಮೂರು ಗಣಕಕ್ಕೆ ಮೂರು ಪ್ರಿಂಟರ್ ಕೊಳ್ಳಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬೇಕಾಗಿಲ್ಲ. ಜಾಲದ ತಂತಿಯನ್ನು ನೇರವಾಗಿ ಸಿಕ್ಕಿಸಬಹುದಾದ ಪ್ರಿಂಟರ್ ಒಂದಿದ್ದರೆ ಪ್ರತಿ ಗಣಕವೂ ಅದಕ್ಕೆ ನೇರವಾಗಿ ಮುದ್ರಿಸುತ್ತದೆ. ಗುಮಾಸ್ತರ ಗಣಕ ನಡುವೆ ದಲ್ಲಾಳಿಯಾಗಿ ನಿಲ್ಲಬೇಕಾಗಿಲ್ಲ. ಪ್ರಿಂಟರಿನ ಬೆಲೆಯನ್ನು ಖರ್ಚೆಂದು ನೋಡುವವರು ಒಂದು ಸುಗ್ಗಿಯ ಸಂಜೆ ನಿಂತ ಲಾರಿಯ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೇಪೆಗಳ ವಿಷಯ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇವನ್ನು ಹೊರಡಿಸುತ್ತದೆ. ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ತಡರಾತ್ರಿ. ಬುಧವಾರವೇ ಎಲ್ಲ ಗಣಕಗಳಿಗೂ ಹಾಕುವ ಅವಸರ ಬೇಡ. ಒಂದು ಗಣಕಕ್ಕೆ ಹಾಕಿ ಬಿಲ್ಲು, ಪಟ್ಟಿ, ಇ-ವೇ ಬಿಲ್ಲುಗಳನ್ನು ಮುದ್ರಿಸಿ ನೋಡುವುದು. ಸರಿಯಿದ್ದರೆ ಮುಂದಿನ ಭಾನುವಾರ ಅಥವಾ ಹಮಾಲರಿಗೆ ರಜೆಯಿರುವ ಅಮಾವಾಸ್ಯೆಯಂದು ಉಳಿದವುಗಳಿಗೆ ಹಾಕುವುದು. ಅದಕ್ಕೆ ಮೊದಲು ದತ್ತಾಂಶದ ಪ್ರತಿ ತೆಗೆದಿರಬೇಕು. ವಿದ್ಯುತ್ತು ಕೈಕೊಟ್ಟರೆ ಆಧಾರಕ್ಕೆ ಯುಪಿಎಸ್ ಇರಬೇಕು. ತುರ್ತು ತೇಪೆ ಬಂದಾಗ ಮಾತ್ರ ಈ ಸಾವಧಾನ ಸಲ್ಲದು, ಅಂದೇ ಹಾಕಬೇಕು.

ನಮ್ಮ ಭಾಗಕ್ಕೆ ವಿಶೇಷವಾದ ತೊಡಕೊಂದಿದೆ. ಅನೇಕ ಅಂಗಡಿಗಳಲ್ಲಿ ಅಂತರಜಾಲವು ಮಾಲೀಕರ ಮೊಬೈಲಿನ ಹಾಟ್‌ಸ್ಪಾಟಿನಿಂದ ಬರುತ್ತದೆ. ಡೇಟಾ ಬೇಗ ಮುಗಿಯುತ್ತದೆಂದು 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಆರಿಸಿಟ್ಟಿರುತ್ತಾರೆ. ಹಾಗೆ ಮಾಡಿದಾಗ ವಿಂಡೋಸ್ ತನ್ನ ದೊಡ್ಡ ತೇಪೆಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಸೆಪ್ಟೆಂಬರಿನ ತೇಪೆ ಅಕ್ಟೋಬರಿನಲ್ಲಿ, ಅದೂ ಒಂದೇ ಗಣಕಕ್ಕೆ ಬಂದುದರ ಕಾರಣ ಇದೇ ಆಗಿತ್ತು. ತಿಂಗಳಿಗೊಮ್ಮೆಯಾದರೂ ಈ ನಿರ್ಬಂಧ ತೆಗೆದು ತೇಪೆಗಳನ್ನು ಇಳಿಸಿಕೊಳ್ಳುವುದು ಅವಶ್ಯ. ಇನ್ನು ಕಳ್ಳಪ್ರತಿಯ ವಿಂಡೋಸ್ ಹಾಕಿಸಿಕೊಂಡು, ಅದು ಬಯಲಾಗದಿರಲೆಂದು ಅಪ್‌ಡೇಟ್ ಮುಚ್ಚಿಸಿಕೊಂಡವರಿಗೆ ಹೇಳಬೇಕಾದುದು ಹೆಚ್ಚೇನಿಲ್ಲ. ಅಧಿಕೃತ ಪ್ರತಿ ಕೊಳ್ಳುವುದೇ ಅವರ ಮೊದಲ ತೇಪೆ.

ಕಾನೂನಿನ ಮಾತು

ಲೆಕ್ಕಪತ್ರ ಹೋದರೆ ನಷ್ಟ ನಮ್ಮದು ಮಾತ್ರ ಎಂದು ಭಾವಿಸುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ, ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ನಿಯಮ 57ರಂತೆ, ಗಣಕದಲ್ಲಿ ಲೆಕ್ಕ ಇರಿಸುವವರು ಅದು ನಾಶವಾದರೂ ಸಮಂಜಸ ಕಾಲಾವಧಿಯಲ್ಲಿ ಮರಳಿ ಪಡೆಯುವಂತೆ ಅದರ ಪ್ರತಿಯನ್ನು ಇರಿಸಿರಬೇಕು. ಹುಳು ತಿಂದಿತು ಎಂಬುದನ್ನು ತೆರಿಗೆ ಅಧಿಕಾರಿಯ ಮುಂದೆ ಉತ್ತರವಾಗಿ ಹೇಳಲು ಬರುವುದಿಲ್ಲ. ಪ್ರತಿಯನ್ನು ಸದಾ ಗಣಕಕ್ಕೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಇಟ್ಟರೆ ಕಡತಗಳಿಗೆ ಬೀಗ ಹಾಕುವ ಹುಳು ಅದಕ್ಕೂ ಬೀಗ ಹಾಕುತ್ತದೆ. ಎರಡು ಡಿಸ್ಕುಗಳನ್ನು ಇಟ್ಟುಕೊಂಡು, ಒಂದನ್ನು ಪಾಳಿಯ ಮೇಲೆ ಮನೆಗೆ ಒಯ್ಯುವುದು ಉತ್ತಮ.

ಭಾರತ ಸರಕಾರದ ಸೆರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ಇಂತಹ ದಾಳಿಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು. ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಜಾರಿಗೆ ಬಂದಿದೆ. ತಮ್ಮ ಸಂಸ್ಥೆಗೆ ಇದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಲೆಕ್ಕ ಪರಿಶೋಧಕರಲ್ಲಿ ಕೇಳಿಕೊಳ್ಳುವುದು ಲೇಸು. ಹಣವೇ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಹಳೆಯ ಯಂತ್ರಗಳು

ಮೈಕ್ರೋಸಾಫ್ಟ್ 2024ರ ವಿಂಡೋಸ್ 11ರ ಆವೃತ್ತಿಯಲ್ಲಿ, ಹೊರಗಿನ ಡ್ರೈವರುಗಳನ್ನೇ ಒಳಗೆ ಬಿಡದ ಸುರಕ್ಷಿತ ಮುದ್ರಣ ವಿಧಾನವೊಂದನ್ನು ತಂದಿದೆ. ತನಗೆ ವರದಿಯಾಗುವ ವಿಂಡೋಸಿನ ಭದ್ರತಾ ಪ್ರಕರಣಗಳಲ್ಲಿ ಶೇ. 9ರಷ್ಟು ಮುದ್ರಣಕ್ಕೆ ಸಂಬಂಧಿಸಿದವೆಂದು ಅದೇ ಸಂಸ್ಥೆ ತಿಳಿಸಿತ್ತು. ಆದರೆ ಈ ವಿಧಾನ ಹೊಸ ಮಾದರಿಯ ಪ್ರಿಂಟರುಗಳಿಗೆ ಮಾತ್ರ. ಮೂರು ಪ್ರತಿಯ ಕಾರ್ಬನ್ ಬಿಲ್ಲು ತೆಗೆಯುವ ನಮ್ಮ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳು ತಮ್ಮ ಹಳೆಯ ಡ್ರೈವರಿನೊಡನೆ ಅದರಲ್ಲಿ ನಡೆಯವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಗಣಕ ಬದಲಾಯಿಸುವವರು ಪ್ರಿಂಟರಿನ ವಿಚಾರವನ್ನೂ ಒಟ್ಟಿಗೇ ನಿರ್ಧರಿಸಬೇಕಾಗುತ್ತದೆ.

ಬದಲಾಯಿಸಲಾಗದ ಗಣಕಗಳೂ ಇವೆ. ಗಿರಣಿಯ ವೇಬ್ರಿಜ್ಜಿಗೆ ಜೋಡಿಸಿದ ಗಣಕ ಅಂತಹುದು. ತೂಕದ ತಂತ್ರಾಂಶ ಹಳೆಯದು, ಹೊಸ ವಿಂಡೋಸಿನಲ್ಲಿ ನಡೆಯದು, ಅದನ್ನು ಬರೆದುಕೊಟ್ಟವರು ಈಗ ಸಿಗುವುದಿಲ್ಲ. ನಮ್ಮ ಪರಿಚಯದ ಗಿರಣಿಯೊಂದರಲ್ಲಿ ವಿಂಡೋಸ್ 7ರ ಅಂತಹ ಗಣಕದಿಂದ ಜಾಲದ ತಂತಿಯನ್ನೂ ವೈಫೈಯನ್ನೂ ಸಂಪೂರ್ಣವಾಗಿ ಕಿತ್ತುಹಾಕಿ, ಅದಕ್ಕೇ ಪ್ರತ್ಯೇಕವಾದ ಸಣ್ಣ ಪ್ರಿಂಟರನ್ನು ನೇರವಾಗಿ ಜೋಡಿಸಿದ್ದಾರೆ. ತೂಕದ ಅಂಕಿಗಳು ಈಗ ಗಾದಿಯ ಗಣಕಕ್ಕೆ ತಾವಾಗಿ ಬರುವುದಿಲ್ಲ. ಕಾಟಾದ ಮೇಲಿರುವ ಹುಡುಗ ಚೀಟಿ ಹರಿದುಕೊಂಡು ಅಂಗಳ ದಾಟಿ ತಂದುಕೊಡುತ್ತಾನೆ. ಗುಮಾಸ್ತರು ಅದನ್ನು ನೋಡಿ ಟ್ಯಾಲಿಯಲ್ಲಿ ಒತ್ತುತ್ತಾರೆ. ಒಂದು ಲಾರಿಗೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದಂತೆ.